ವೈರಮುಡಿಯ ರಾತ್ರಿ, ಅಜ್ಜಿಯ ಕಂಬಳಿ

ಮೇಲುಕೋಟೆಯ ವೈರಮುಡಿ ನಡೆಯುವುದು ರಾತ್ರಿ ಹೊತ್ತಿನಲ್ಲಿ. ಚೆಲುವನಾರಾಯಣಸ್ವಾಮಿಯ ಆ ವಜ್ರದ ಕಿರೀಟಕ್ಕೆ ಹಗಲಿನ ಬೆಳಕು ಸೋಕಬಾರದೆಂಬ ನಂಬಿಕೆ. ಮಂಡ್ಯದ ಖಜಾನೆಯಿಂದ ಅದು ಪೊಲೀಸ್ ಕಾವಲಿನಲ್ಲಿ ಬೆಟ್ಟ ಹತ್ತುತ್ತದೆ. ನಾನು ಏಳನೇ ತರಗತಿಯಲ್ಲಿದ್ದಾಗ ಮಾವನೂ ನಾನೂ ಸೈಕಲ್ಲಿನಲ್ಲಿ ಹತ್ತಿದೆವು.

ಜಕ್ಕನಹಳ್ಳಿ ಹತ್ತಿರ ಅಜ್ಜಿಯ ಮನೆ. ಸಂಜೆಯೇ ಊಟ ಮುಗಿಸಿ ಹೊರಟೆವು. ಎರಡೂ ಸೈಕಲ್ಲಿಗೆ ಮುಂದೆ ಡೈನಮೊ ದೀಪ, ಹಿಂದೆ ಮಡ್‌ಗಾರ್ಡಿನ ಮೇಲೆ ಕೆಂಪು ಬಿಲ್ಲೆ. ‘ಬೆಟ್ಟದ ಮೇಲೆ ಕೂರೋಕೆ ಬೇಕಾಯ್ತದೆ’ ಎಂದು ಅಜ್ಜಿ ಕರಿ ಕಂಬಳಿಯೊಂದನ್ನು ನನ್ನ ಕ್ಯಾರಿಯರಿಗೆ ಸಿಕ್ಕಿಸಿದಳು.

ಬೆಳದಿಂಗಳಿತ್ತು. ನನಗೆ ರಸ್ತೆ ಚೆನ್ನಾಗಿ ಕಾಣುತ್ತಿತ್ತಲ್ಲ, ನಾನೂ ಎಲ್ಲರಿಗೂ ಕಾಣುತ್ತೇನೆಂದೇ ಎಣಿಸಿದ್ದೆ. ಏರು ಶುರುವಾಯಿತು. ಕಾಲು ಸೋತಂತೆ ದೀಪವೂ ಮಂಕಾಯಿತು. ಕೊನೆಗೆ ಇಳಿದು ತಳ್ಳತೊಡಗಿದೆವು; ಚಕ್ರ ನಿಧಾನವಾದರೆ ಡೈನಮೊ ಎಲ್ಲಿಂದ ಬೆಳಗೀತು? ಮಾವ ನಾಲ್ಕು ಹೆಜ್ಜೆ ಮುಂದಿದ್ದ.

ಹಿಂದಿನ ತಿರುವಿನಿಂದ ವ್ಯಾನೊಂದು ಬಂತು. ಬ್ರೇಕು ಕಿರ್ರೆಂದಿತು. ನಾನು ಸೈಕಲ್ ಸಮೇತ ಪಕ್ಕದ ಲಂಟಾನ ಪೊದೆಗೆ ಬಿದ್ದೆ. ವ್ಯಾನು ನನ್ನ ಹ್ಯಾಂಡಲ್ಲಿಗೆ ಒಂದು ಮಾರು ದೂರದಲ್ಲಿ ನಿಂತಿತ್ತು. ಚಾಲಕ ಇಳಿದು ಬಂದ. ಬೈಯುತ್ತಾನೆಂದುಕೊಂಡರೆ ಅವನ ಕೈ ನಡುಗುತ್ತಿತ್ತು. ‘ಏನೂ ಕಾಣ್ಲೇ ಇಲ್ಲ ಅಣ್ಣಾ’ ಎಂದ, ಮಾವನಿಗೆ.

ಮಾವ ಸೈಕಲ್ಲಿನ ಹಿಂದೆ ಬಗ್ಗಿ ನೋಡಿದ. ಕಂಬಳಿ ಜಾರಿ ಕೆಂಪು ಬಿಲ್ಲೆಯನ್ನು ಪೂರ್ತಿ ಮುಚ್ಚಿತ್ತು.

ಕಂಬಳಿ ಅವನ ಮುಂದಿನ ಹ್ಯಾಂಡಲ್ಲಿಗೆ ಹೋಯಿತು. ಅವನ ಬಿಳಿ ಪಂಚೆ ನನ್ನ ಬೆನ್ನಿಗೆ ಬಂತು. ‘ನೀನು ಮುಂದೆ ನಡಿ ಮಗಾ’ ಎಂದು ಟಾರ್ಚನ್ನು ನನ್ನ ಬೆನ್ನ ಮೇಲೇ ಬಿಡುತ್ತ ಬಂದ. ಆಮೇಲೆ ಬಂದ ವಾಹನಗಳೆಲ್ಲ ದೂರದಿಂದಲೇ ಬಲಕ್ಕೆ ಸರಿದು ಹೋದವು. ಉತ್ಸವ ನೋಡಿದೆವು. ಜನ ಹೇಳತೀರದು, ಕಿರೀಟ ಕಂಡದ್ದು ಒಂದು ಚಣ.

ಮರುದಿನ ರಾತ್ರಿ ಮಾವ ಸೈಕಲ್ಲನ್ನು ಕಣದಲ್ಲಿ ನಿಲ್ಲಿಸಿ, ಐವತ್ತು ಹೆಜ್ಜೆ ದೂರದಲ್ಲಿ ಟಾರ್ಚನ್ನು ನನ್ನ ಕಣ್ಣಿನ ಪಕ್ಕಕ್ಕೇ ಹಿಡಿಯಲು ಹೇಳಿದ. ಬಿಲ್ಲೆ ಬೆಕ್ಕಿನ ಕಣ್ಣಿನಂತೆ ಧಗ್ಗೆಂದಿತು! ಅದೇ ಟಾರ್ಚನ್ನು ಅವನು ಹತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ಬಿಟ್ಟಾಗ ನನಗೆ ಕಂಡದ್ದು ಬರೀ ಕಪ್ಪು. ನೀವೂ ಮಾಡಿ ನೋಡಿ. ಬಿಲ್ಲೆಯೊಳಗಿನ ಪುಟ್ಟ ಪುಟ್ಟ ಮೂಲೆಗಳು ಬೆಳಕನ್ನು ಬಂದ ದಾರಿಗೇ ತಿರುಗಿಸುತ್ತವೆ. ಹೆಡ್‌ಲೈಟಿನ ಹಿಂದೆ ಕೂತವನಿಗಷ್ಟೇ ಆ ಹೊಳಪು. ಸೈಕಲ್ ತಳ್ಳುವವನಿಗೆ ಅದು ಇದ್ದದ್ದೂ ತಿಳಿಯದು, ಮುಚ್ಚಿದ್ದೂ ತಿಳಿಯದು.

ಮೊಣಕೈ ತರಚಿದ್ದು ಹೇಗೆಂದು ಅಜ್ಜಿ ಕೇಳಿದಳು. ಪೊದೆಯ ವಿಷಯ ಹೇಳಿದೆವು. ಕಂಬಳಿಯ ವಿಷಯ ಇಬ್ಬರೂ ಹೇಳಲಿಲ್ಲ.