ರಾಜ್ಯ ಬದಲಾದರೆ ಲೈಸೆನ್ಸೂ ಬದಲು

ನಮ್ಮ ದೇಶದಲ್ಲಿ ಒಂದು ಅನುಕೂಲವಿದೆ. ಆರ್‌ಟಿಓ ಅಧಿಕಾರಿಯ ಮುಂದೆ ಸ್ಕೂಟರಿನಲ್ಲಿ ‘ಎಂಟು’ ಹಾಕಿ ತೋರಿಸಿ ಒಮ್ಮೆ ಲೈಸೆನ್ಸ್ ಪಡೆದರೆ ಸಾಕು, ಅದೇ ಲೈಸೆನ್ಸಿನಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಗಾಡಿ ಓಡಿಸಬಹುದು. 1988ರ ಮೋಟಾರು ವಾಹನ ಕಾಯ್ದೆಯೇ ಹಾಗೆ ಹೇಳುತ್ತದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ಮ್ಯಾನೇಜರುಗಳು ವರ್ಗವಾಗಿ ಪುಣೆಗೋ ಕೊಚ್ಚಿಗೋ ಹೋಗುತ್ತಿದ್ದರು. ಅವರ ಕಾರು ಅಲ್ಲಿ 12 ತಿಂಗಳು ಮೀರಿ ಉಳಿದರೆ ಆ ರಾಜ್ಯದ ಹೊಸ ನಂಬರು ಹಾಕಿಸಬೇಕಿತ್ತು. ರಸ್ತೆ ತೆರಿಗೆಯ ತಲೆನೋವು ಬೇರೆ. ಆದರೆ ಲೈಸೆನ್ಸಿಗೆ ವಿಳಾಸ ಬದಲಾಯಿಸಿಕೊಂಡರೆ ಮುಗಿಯಿತು. ಯಾರೂ ಅವರನ್ನು ಮತ್ತೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿರುವುದು 50 ರಾಜ್ಯಗಳು. ಪ್ರತಿ ರಾಜ್ಯಕ್ಕೂ ತನ್ನದೇ ರಸ್ತೆ ಕಾನೂನು, ತನ್ನದೇ ಲೈಸೆನ್ಸ್. ಒಂದು ರಾಜ್ಯದ ಲೈಸೆನ್ಸ್ ಇಟ್ಟುಕೊಂಡು ಇನ್ನೊಂದಕ್ಕೆ ಪ್ರವಾಸ ಹೋಗಲು ಅಡ್ಡಿಯಿಲ್ಲ. ಮನೆ ಮಾಡಿ ನೆಲೆಸಿದರೆ ಮಾತ್ರ ಹಳೆಯದನ್ನು ಒಪ್ಪಿಸಿ ಹೊಸದನ್ನು ಪಡೆಯಬೇಕು. ಅದಕ್ಕೊಂದು ಗಡುವೂ ಇದೆ. ಟೆಕ್ಸಾಸಿನಲ್ಲಿ 90 ದಿನ, ನ್ಯೂಜೆರ್ಸಿಯಲ್ಲಿ 60 ದಿನ, ನ್ಯೂಯಾರ್ಕಿನಲ್ಲಿ 30 ದಿನ. ಕ್ಯಾಲಿಫೋರ್ನಿಯಾದಲ್ಲಿ ಬರೀ 10 ದಿನ!

ನನ್ನ ಮಗಳು ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾಕ್ಕೆ ಸಂಸಾರ ಸಾಗಿಸಿದಾಗ ನಾನೂ ನನ್ನಾಕೆಯೂ ಅವಳ ಜೊತೆಗಿದ್ದೆವು. ಹಾಗಾಗಿ ಈ ಹತ್ತು ದಿನದ ಓಟವನ್ನು ಹತ್ತಿರದಿಂದ ನೋಡಿದೆ.

ಐದು ಊರು ಸೇರಿ ಒಂದು ಊರು

ನ್ಯೂಜೆರ್ಸಿ ಇರುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ, ಕ್ಯಾಲಿಫೋರ್ನಿಯಾ ಪಶ್ಚಿಮ ಕರಾವಳಿಯಲ್ಲಿ. ವಿಮಾನದಲ್ಲಿ ಸುಮಾರು ಆರು ಗಂಟೆಯ ದಾರಿ. ಇಳಿದಾಗ ಕೈಗಡಿಯಾರವನ್ನು ಮೂರು ಗಂಟೆ ಹಿಂದಕ್ಕೆ ತಿರುಗಿಸಬೇಕು.

ಮಗಳು ಮನೆ ಮಾಡಿದ ಊರು ಫ್ರೀಮಾಂಟ್. 1956ರಲ್ಲಿ ಐದು ಪುಟ್ಟ ಊರುಗಳನ್ನು ಕೂಡಿಸಿ ಈ ನಗರವನ್ನು ಮಾಡಿದರಂತೆ. ಅವುಗಳಲ್ಲಿ ಒಂದು ನೈಲ್ಸ್. ಚಾರ್ಲಿ ಚಾಪ್ಲಿನ್ 1915ರಲ್ಲಿ ‘ದಿ ಟ್ರ್ಯಾಂಪ್’ ಚಿತ್ರ ಮಾಡಿದ್ದು ಅಲ್ಲೇ. ಕೊನೆಯಲ್ಲಿ ಆತ ಬೆನ್ನು ತೋರಿಸಿ ಮಣ್ಣಿನ ದಾರಿಯಲ್ಲಿ ಒಬ್ಬನೇ ನಡೆದುಹೋಗುತ್ತಾನಲ್ಲ, ಆ ದಾರಿ ನೈಲ್ಸ್ ಕಣಿವೆಯದು. ಊರಿನ ಹಿಂದೆ ಸಾಲುಗುಡ್ಡಗಳಿವೆ. ನಮ್ಮ ಮಲೆನಾಡಿಗೆ ಅವು ತದ್ವಿರುದ್ಧ. ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣ, ಮಳೆ ಬೀಳುವ ಚಳಿಗಾಲದಲ್ಲಿ ಹಸಿರು. ಊರಲ್ಲಿ ಭಾರತೀಯರು ಬಹಳ. ಎಲಿಜಬೆತ್ ಕೆರೆಯ ದಂಡೆಯ ಮೇಲೆ ಬೆಳಿಗ್ಗೆ ವಾಕಿಂಗ್ ಹೋದರೆ ತೆಲುಗು, ಪಂಜಾಬಿ, ಗುಜರಾತಿ, ಜೊತೆಗೆ ಅಲ್ಲೊಂದು ಇಲ್ಲೊಂದು ಕನ್ನಡ ಕಿವಿಗೆ ಬೀಳುತ್ತದೆ.

ಎಲ್ಲ ಚೆನ್ನಾಗಿತ್ತು. ಆದರೆ ಹಾಲು ತರಲು ಅರ್ಧ ಗಂಟೆ ನಡೆಯಬೇಕು. ಬಸ್ಸಿದೆ, ರೈಲಿದೆ; ನಮ್ಮ ಬೀದಿಗೆ ಮಾತ್ರ ಎರಡೂ ಇಲ್ಲ. ಅಳಿಯ ಕೆಲಸ ಮುಗಿಸಿ ಬರುವುದು ಇನ್ನೂ ಮೂರು ತಿಂಗಳಿಗೆ. ಮಗಳ ಹೊಸ ಕೆಲಸ, ಮೊಮ್ಮಗಳ ಹೊಸ ಶಾಲೆ, ರಕ್ತದೊತ್ತಡದ ಮಾತ್ರೆ ನುಂಗುವ ನನ್ನಾಕೆ. ನಡುರಾತ್ರಿ ಏನಾದರೂ ಆದರೆ ಕಾರು ಓಡಿಸಲು ಇದ್ದವಳು ಮಗಳೊಬ್ಬಳೇ. ಆ ಮನೆಗೆ ಅವಳ ಲೈಸೆನ್ಸೇ ಕಾಲು ಎನ್ನಿ.

ಬೇರೆ ರಾಜ್ಯದ ಲೈಸೆನ್ಸ್ ಇದ್ದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಗಾಡಿ ಓಡಿಸಿ ತೋರಿಸುವ ಪರೀಕ್ಷೆ ಇಲ್ಲ. ಬರಹದ ಪರೀಕ್ಷೆ ಮಾತ್ರ ಉಂಟು. 36 ಪ್ರಶ್ನೆಗಳಲ್ಲಿ 30ಕ್ಕೆ ಸರಿಯುತ್ತರ ಕೊಡಬೇಕು. “ಹದಿನಾಲ್ಕು ವರ್ಷದಿಂದ ಓಡಿಸ್ತಾ ಇದ್ದೀನಿ ಅಪ್ಪ, ಈಗ ಮತ್ತೆ ಓದಬೇಕಲ್ಲ” ಎಂದು ಮಗಳು ಸಪ್ಪಗಾದಳು. ಸೋಮವಾರ ಹೊಸ ಕೆಲಸಕ್ಕೆ ಸೇರಬೇಕು, ಪರೀಕ್ಷೆ ಅದರ ಹಿಂದಿನ ಶುಕ್ರವಾರ. ತಪ್ಪಿದರೆ ಮತ್ತೆ ರಜೆ ಕೇಳಬೇಕು. ಸೇರಿದ ವಾರವೇ ರಜೆ ಕೇಳುವುದು ಹೇಗೆ?

ಮೊಮ್ಮಗಳೇ ಟೀಚರ್

ರಾತ್ರಿ ಊಟವಾದ ಮೇಲೆ ಡೈನಿಂಗ್ ಟೇಬಲ್ಲೇ ಶಾಲೆಯಾಯಿತು. ಒಂಬತ್ತು ವರ್ಷದ ಪುಟ್ಟಿ ಕೈಯಲ್ಲಿ ಚಾಲಕರ ಕೈಪಿಡಿ ಹಿಡಿದು ಪ್ರಶ್ನೆ ಕೇಳುವುದು, ಅವಳ ಅಮ್ಮ ಉತ್ತರ ಹೇಳುವುದು. ಈ ಕೈಪಿಡಿ ಹಿಂದಿ, ಪಂಜಾಬಿ ಸೇರಿ ಹಲವು ಭಾಷೆಗಳಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿದ್ದದ್ದು ಇಂಗ್ಲಿಷಿನದು. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಫುಟ್‌ಪಾತಿನ ಅಂಚಿಗೆ ಅಲ್ಲಿ ಬಣ್ಣ ಬಳಿದಿರುತ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಅರ್ಥ. ಕೆಂಪು ಇದ್ದರೆ ಗಾಡಿ ನಿಲ್ಲಿಸುವಂತೆಯೇ ಇಲ್ಲ. ಬಿಳಿ ಇದ್ದರೆ ಜನರನ್ನು ಹತ್ತಿಸಿ ಇಳಿಸುವಷ್ಟು ಹೊತ್ತು. ಹಸಿರು ಇದ್ದರೆ ಅಲ್ಲಿ ಬರೆದಷ್ಟೇ ನಿಮಿಷ. ಹಳದಿ ಇದ್ದರೆ ಸಾಮಾನು ಅಥವಾ ಜನರನ್ನು ಇಳಿಸುವವರೆಗೆ. ನೀಲಿ ಇದ್ದರೆ ಅಂಗವಿಕಲರಿಗೆ ಮಾತ್ರ. ಪುಟ್ಟಿ ಎರಡೇ ದಿನದಲ್ಲಿ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದಳು.

ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೀದಿಗಳೆಲ್ಲ ಘಾಟಿಯಂತೆ ಏರು ಇಳಿವು. ಅಲ್ಲಿ ಕಾರು ನಿಲ್ಲಿಸುವುದಕ್ಕೂ ಕಾನೂನುಂಟು. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಮುಂದಿನ ಚಕ್ರವನ್ನು ಫುಟ್‌ಪಾತಿನ ಕಡೆಗೆ ತಿರುಗಿಸಿಡಬೇಕು. ಏರಿಗೆ ಮುಖ ಮಾಡಿದ್ದರೆ ಫುಟ್‌ಪಾತಿನ ಆಚೆಗೆ. ಬ್ರೇಕು ಕೈಕೊಟ್ಟು ಕಾರು ಉರುಳಿದರೂ ಚಕ್ರ ಫುಟ್‌ಪಾತಿನ ಅಂಚಿಗೆ ತಾಗಿ ನಿಲ್ಲಲಿ ಎಂದು. ನನಗೆ ನಂಬಿಕೆ ಬರಲೆಂದು ಪುಟ್ಟಿ ದಪ್ಪ ಪುಸ್ತಕವನ್ನು ಓರೆಯಾಗಿಟ್ಟು ಆಟಿಕೆ ಕಾರಿನಲ್ಲಿ ಮಾಡಿ ತೋರಿಸಿದಳು.

ಹಳೆಯ ರಾಜ್ಯದ ಅಭ್ಯಾಸಗಳನ್ನು ಬಿಡುವುದೂ ಒಂದು ಪಾಠ. ನ್ಯೂಜೆರ್ಸಿಯ ಕೆಲವು ಹೆದ್ದಾರಿಗಳಲ್ಲಿ ಎಡಕ್ಕೆ ತಿರುಗಬೇಕಾದವರು ಮೊದಲು ಬಲಕ್ಕೆ ಹೊರಳಿ, ಜಗ್ಗಿನ ಹಿಡಿಯಂತಿರುವ ಸುತ್ತುದಾರಿ ಹಿಡಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ ನೇರವಾಗಿ ಎಡಕ್ಕೆ ತಿರುಗುವ ಸಾಲಿನಲ್ಲಿ ನಿಂತರಾಯಿತು. ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ. 1949ರಿಂದ ಅದು ಕಾನೂನು. ಬಂಕಿನ ಹುಡುಗನೇ ಬಂದು ಹಾಕುತ್ತಾನೆ, ನಮ್ಮಲ್ಲಿಯಂತೆ. ಕ್ಯಾಲಿಫೋರ್ನಿಯಾದಲ್ಲಿ ಮಗಳು ತಾನೇ ಇಳಿದು ಪೈಪು ಹಿಡಿಯಬೇಕಾಯಿತು. ಇಲ್ಲಿ ಬೈಕಿನವರು ಎರಡು ಸಾಲು ಕಾರುಗಳ ನಡುವೆ ನುಸುಳಿ ಹೋಗಬಹುದು, ಅದಕ್ಕೆ ಕಾನೂನಿನ ಒಪ್ಪಿಗೆಯೇ ಇದೆ. ಇದನ್ನು ಕೇಳಿ ನನ್ನಾಕೆ, “ಹಾಗಾದ್ರೆ ನಮ್ಮ ಬೆಂಗಳೂರಿನವರು ಇಲ್ಲಿ ಓದದೇ ಪಾಸಾಗ್ತಾರೆ ಬಿಡು” ಎಂದಳು.

ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ ಪಾಠಗಳು. ಹಳದಿ ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿದರೆ ಹಿಂದಿನವರಷ್ಟೇ ಅಲ್ಲ, ಚಿಕ್ಕ ರಸ್ತೆಯಾದರೆ ಎದುರಿನಿಂದ ಬರುವವರೂ ನಿಲ್ಲಬೇಕು. ದೀಪ ಆರುವವರೆಗೆ ಯಾರೂ ಅಲುಗುವಂತಿಲ್ಲ. ಬಿಳಿ ಕೋಲು ಹಿಡಿದ ಅಂಧರು ದಾಟುವಾಗ ದಾರಿ ಯಾವಾಗಲೂ ಅವರದು. ಫಲಕದಲ್ಲಿ ಎಷ್ಟೇ ವೇಗ ಬರೆದಿರಲಿ, ಮಂಜು ಕವಿದಿದ್ದರೆ, ಮಳೆ ಹೊಯ್ಯುತ್ತಿದ್ದರೆ, ಎಷ್ಟು ಕ್ಷೇಮವೋ ಅಷ್ಟೇ ವೇಗ.

ನಾಲ್ಕೂ ಕಡೆ ‘ನಿಲ್ಲಿ’ ಫಲಕವಿರುವ ಕೂಡುರಸ್ತೆಗಳು ಅಲ್ಲಿ ಬಹಳ. ಪೊಲೀಸರಿಲ್ಲ, ಸಿಗ್ನಲ್ಲಿಲ್ಲ. ಎಲ್ಲರೂ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವರಿಗೆ ಮೊದಲ ಅವಕಾಶ. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ, ಹಾರ್ನ್ ಮಾಡುವುದಿಲ್ಲ, ಆದರೂ ಸರದಿ ತಪ್ಪುವುದಿಲ್ಲ. ಆಗ ನನಗೆ ಅನ್ನಿಸಿದ್ದು ಇಷ್ಟು: ಲೈಸೆನ್ಸ್ ಎಂದರೆ ಗಾಡಿ ಓಡಿಸಲು ಬರುತ್ತದೆ ಎಂಬ ಸರ್ಟಿಫಿಕೇಟಷ್ಟೇ ಅಲ್ಲ. ಮುಖ ಪರಿಚಯವಿಲ್ಲದವರಿಗೆ ನಾವು ಕೊಡುವ ಮಾತು. ನೀನು ದಾಟು, ನಾನು ನಿಲ್ಲುತ್ತೇನೆ ಎಂಬ ಮಾತು. ಹೊಸ ಊರಿಗೆ ಹೋದವರು ಅಲ್ಲಿನ ಜನಕ್ಕೆ ಆ ಮಾತನ್ನು ಹೊಸದಾಗಿ ಕೊಡಬೇಕು.

ಟೋಕನ್ ನಂಬರು

ಶುಕ್ರವಾರ ಬೆಳಿಗ್ಗೆ ನಾವು ನಾಲ್ವರೂ ಹೊರಟೆವು. ಅಲ್ಲಿನ ಆರ್‌ಟಿಓವನ್ನು ಡಿಎಂವಿ ಎನ್ನುತ್ತಾರೆ. ಒಳಗೆ ಹೋದಾಗ ನನಗೆ ನನ್ನ ಬ್ಯಾಂಕಿಗೇ ಹೋದಂತಾಯಿತು. ಸಾಲು ಕೌಂಟರು, ಸಾಲು ಕುರ್ಚಿ, ಕೈಯಲ್ಲಿ ಕಡತ ಹಿಡಿದ ಜನ. ನಮ್ಮ ಕಾಲದಲ್ಲಿ ಹಣ ಪಡೆಯುವವರಿಗೆ ಹಿತ್ತಾಳೆಯ ಟೋಕನ್ ಕೊಟ್ಟು, ಕ್ಯಾಷಿಯರು ನಂಬರು ಕೂಗುತ್ತಿದ್ದರು. ಇಲ್ಲಿ ಚೀಟಿ ಕೊಡುತ್ತಾರೆ, ಯಂತ್ರ ಕೂಗುತ್ತದೆ. ಕಾಯುವವರ ಮುಖ ಮಾತ್ರ ಎರಡೂ ಕಡೆ ಒಂದೇ.

ಮಗಳ ಸರದಿ ಬಂತು. ಹಳೆಯ ಲೈಸೆನ್ಸ್, ಪಾಸ್‌ಪೋರ್ಟ್, ಹೊಸ ವಿಳಾಸದ ದಾಖಲೆಗಳನ್ನು ಕೊಟ್ಟಳು. ಹೆಬ್ಬೆರಳಿನ ಗುರುತು ತೆಗೆದುಕೊಂಡರು. ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದು ಕಣ್ಣು ಮುಚ್ಚಿ ಓದಿಸಿದರು. ಫೋಟೋ ತೆಗೆದರು. ಆಮೇಲೆ ಪರೀಕ್ಷೆಯ ಪರದೆಯ ಮುಂದೆ ನಿಲ್ಲಿಸಿದರು.

ನನ್ನ ಪಕ್ಕದ ಕುರ್ಚಿಯಲ್ಲಿ ನನ್ನಷ್ಟೇ ವಯಸ್ಸಿನ ಪಂಜಾಬಿ ಸರ್ದಾರರೊಬ್ಬರು ಲೈಸೆನ್ಸ್ ನವೀಕರಿಸಲು ಬಂದಿದ್ದರು. ಎಪ್ಪತ್ತು ದಾಟಿದವರು ಅಲ್ಲಿ ಕಚೇರಿಗೆ ಬಂದು ಕಣ್ಣಿನ ಪರೀಕ್ಷೆ ಕೊಡಬೇಕು. “ನಾಲ್ಕನೇ ಸಾಲು ಓದಿದೆ, ಐದನೆಯದು ಸ್ವಲ್ಪ ಕುಣೀತು” ಎಂದು ಹಿಂದಿಯಲ್ಲಿ ನಕ್ಕರು. ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದು ಅವರ ಕೆಲಸವಂತೆ. ಆ ಐದನೇ ಸಾಲಿನ ಮೇಲೆ ಎಷ್ಟೆಲ್ಲ ನಿಂತಿದೆ ನೋಡಿ.

ಇಪ್ಪತ್ತು ನಿಮಿಷಕ್ಕೆ ಮಗಳು ಬಂದಳು. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಪುಟ್ಟಿ, “ಎಷ್ಟು ತಪ್ಪು?” ಎಂದಳು, ಥೇಟ್ ಟೀಚರಂತೆ. “ಎರಡು” ಎಂದಳು ಮಗಳು. ತಾತ್ಕಾಲಿಕ ಲೈಸೆನ್ಸಿನ ಕಾಗದ ಕೈಗೆ ಬಂತು. ಹದಿನಾಲ್ಕು ವರ್ಷ ಪರ್ಸಿನಲ್ಲಿದ್ದ ನ್ಯೂಜೆರ್ಸಿಯ ಕಾರ್ಡು ಕೌಂಟರಿನ ಆಚೆಗೆ ಹೋಯಿತು.

ಗುಲಾಬಿ ಚುಕ್ಕೆ

ಕೆಲವು ವಾರ ಕಳೆದ ಮೇಲೆ ಅಂಚೆಯಲ್ಲಿ ಹೊಸ ಕಾರ್ಡು ಬಂತು. ಮೊದಲು ಕೈಗೆತ್ತಿಕೊಂಡವಳು ಪುಟ್ಟಿ. “ಅಮ್ಮಾ, ಇಲ್ಲೊಂದು ಪಿಂಕ್ ಚುಕ್ಕೆ ಇದೆ. ‘ಡೋನರ್’ ಅಂತ ಬರೆದಿದೆ. ನೀನು ಏನು ದಾನ ಮಾಡಿದೆ?”

ಅಲ್ಲಿ ಲೈಸೆನ್ಸಿನ ಅರ್ಜಿಯಲ್ಲೇ ಒಂದು ಪ್ರಶ್ನೆ ಇರುತ್ತದೆ: ನೀವು ತೀರಿಕೊಂಡರೆ ನಿಮ್ಮ ಅಂಗಾಂಗಗಳನ್ನು ಬೇರೆಯವರಿಗೆ ಕೊಡಲು ಒಪ್ಪಿಗೆಯೇ? ಒಪ್ಪಿದವರ ಕಾರ್ಡಿನಲ್ಲಿ ಗುಲಾಬಿ ಚುಕ್ಕೆ ಮುದ್ರಿಸುತ್ತಾರೆ. ಮಗಳು ಅದನ್ನು ಪುಟ್ಟಿಗೆ ತಿಳಿಯುವ ಹಾಗೆ ಹೇಳಿದಳು. ಅಡುಗೆಮನೆಯಿಂದ ನನ್ನಾಕೆ ಬಂದಳು. “ಬಿಡ್ತು ಅನ್ನು! ದಿನಾ ಕಾರಲ್ಲಿ ಓಡಾಡೋಳು. ಸಾವಿನ ಮಾತು ಲೈಸೆನ್ಸ್ ಮೇಲೆ ಯಾಕೆ ಬರೆಸಿದೆ?”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಗಳೇ ಮೆಲ್ಲಗೆ, “ಅಮ್ಮ, ಹಳೇ ಕಾರ್ಡಲ್ಲೂ ಇತ್ತು, ನೀನು ನೋಡಿರಲಿಲ್ಲ ಅಷ್ಟೆ. ಅಪ್ಪು ಹೋದಾಗ ನಾಲ್ಕು ಜನಕ್ಕೆ ಕಣ್ಣು ಬಂತು ಅಂತ ಫೋನಿನಲ್ಲಿ ಅತ್ತಿದ್ದು ನೀನೇ ಅಲ್ವಾ?” ಎಂದಳು.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದೇ ವರ್ಷ ಬೈಕ್ ಅಪಘಾತದಲ್ಲಿ ಹೋದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ನನ್ನಾಕೆ ಉತ್ತರ ಕೊಡಲಿಲ್ಲ. ಕಾರ್ಡನ್ನು ತೆಗೆದುಕೊಂಡು ನೋಡಿದಳು, ಸೆರಗಿನಿಂದ ಒರೆಸಿ ಮಗಳ ಪರ್ಸಿನಲ್ಲಿಟ್ಟಳು.

ನಮ್ಮ ದೇಶದ ಲೈಸೆನ್ಸ್ ಅರ್ಜಿಯಲ್ಲೂ ಈಗ ಈ ಕಾಲಂ ಇದೆ. ಕರ್ನಾಟಕದಲ್ಲಿ ಅಂಗಾಂಗ ದಾನದ ಕೆಲಸವನ್ನು ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಆದರೆ ಕಾಗದದಲ್ಲಿ ಬರೆದರಷ್ಟೇ ಸಾಲದು. ಆ ಹೊತ್ತಿನಲ್ಲಿ ಆಸ್ಪತ್ರೆಯವರು ಕೇಳುವುದು ಮನೆಯವರನ್ನು. ಮನೆಯವರಿಗೆ ಮೊದಲೇ ಗೊತ್ತಿರಬೇಕು. ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು: ಕಣ್ಣು ಕೊಡುವುದಕ್ಕೆ ವಯಸ್ಸಿನ ಮಿತಿಯಿಲ್ಲ. ಕನ್ನಡಕ ಹಾಕುವವರೂ ಪೊರೆ ಆಪರೇಷನ್ ಆದವರೂ ಕೊಡಬಹುದು. ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರುವಂತೆ ಕರೆದರಾಯಿತು.

ಊರಿಗೆ ಮರಳಿದ ಮೇಲೆ ನಮ್ಮ ಮನೆಯ ಕ್ಯಾಲೆಂಡರಿನ ಪಕ್ಕ ಗ್ಯಾಸಿನವರ ನಂಬರಿನ ಕೆಳಗೆ ನೇತ್ರ ಬ್ಯಾಂಕಿನ ನಂಬರೂ ಸೇರಿದೆ. ಬರೆದವಳು ನನ್ನಾಕೆ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಂಕಿಗಳಲ್ಲಿ.

ಮಕ್ಕಳೇ, 18 ತುಂಬಿದ ಮೇಲೆ ನೀವೂ ಲೈಸೆನ್ಸಿಗೆ ಅರ್ಜಿ ಹಾಕುತ್ತೀರಿ. ಆಗ ಆ ಕಾಲಂ ನಿಮ್ಮ ಮುಂದೆಯೂ ಬರುತ್ತದೆ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಬರೆಯುವ ಮೊದಲು ಅಜ್ಜ ಅಜ್ಜಿ, ಅಪ್ಪ ಅಮ್ಮನ ಜೊತೆ ಕೂತು ಒಮ್ಮೆ ಮಾತಾಡಿ.