ಸೊನ್ನೆಯನ್ನು ಇಟ್ಟವರು ಯಾರು?

ಹತ್ತನೆಯ ತರಗತಿಯ ಮಕ್ಕಳಿಗೆ ವಿಭವಾಂತರದ ವ್ಯಾಖ್ಯೆ ಬಾಯಿಪಾಠವಾಗಿರುತ್ತದೆ. ‘ಎರಡು ಬಿಂದುಗಳ ನಡುವೆ’ ಎಂಬ ಮಾತನ್ನು ಯಾರೂ ಬಿಡುವುದಿಲ್ಲ. ಆದರೆ ತಂತಿಯ ಒಂದು ತುದಿ ತೋರಿಸಿ ‘ಇಲ್ಲಿ ಎಷ್ಟು ವೋಲ್ಟ್?’ ಎಂದರೆ ಥಟ್ಟನೆ ಒಂದು ಸಂಖ್ಯೆ ಹೇಳುತ್ತಾರೆ. ‘ಎಲ್ಲಿಂದ ಅಳೆದು, ಸರ್?’ ಎಂದು ಕೇಳುವವರು ವಿರಳ. ಆ ಪ್ರಶ್ನೆ ಮಕ್ಕಳಿಂದಲೇ ಬರಲಿ ಎಂದು ಬೋಧನಾಭ್ಯಾಸದಲ್ಲಿ 40 ನಿಮಿಷದ ಪಾಠವೊಂದನ್ನು ಯೋಜಿಸಿದೆ. ವಿಷಯ, ಎಲೆಕ್ಟ್ರಾನಿಕ್ ಮಂಡಲದ ವೋಲ್ಟೇಜ್ ರೈಲುಗಳು.

ಮಂಡಲದ ಚಿತ್ರದಲ್ಲಿ ಮೇಲೊಂದು, ಕೆಳಗೊಂದು ಉದ್ದ ಗೆರೆ ಎಳೆಯುತ್ತೇವೆ. ಹಳಿಗಳಂತಿರುವ ಇವೇ ರೈಲುಗಳು. ಉಳಿದ ಭಾಗಗಳೆಲ್ಲ ಇವುಗಳಿಂದಲೇ ವಿದ್ಯುತ್ ಪಡೆಯುತ್ತವೆ. ಪ್ರತಿ ಗುಂಪಿಗೂ 1.5 ವೋಲ್ಟಿನ ನಾಲ್ಕು ಸೆಲ್‌ಗಳ ಸರಣಿ ಮತ್ತು ಒಂದು ಮಲ್ಟಿಮೀಟರ್ ಕೊಟ್ಟೆ. ಕಪ್ಪು ಕಡ್ಡಿಯನ್ನು ಸರಣಿಯ ನಡುವೆ ಇಟ್ಟಾಗ ಮೇಲಿನ ತುದಿ ಸುಮಾರು +3, ಕೆಳಗಿನದು –3.

‘ಮೈನಸ್ ಅಂದ್ರೆ ಸೆಲ್ ಖಾಲಿಯಾಗಿದೆಯಾ?’ ಎಂದಳು ಒಬ್ಬ ಹುಡುಗಿ. ಉತ್ತರ ಹೇಳದೆ, ಕಪ್ಪು ಕಡ್ಡಿಯನ್ನು ಕೆಳತುದಿಗೆ ಸರಿಸಲು ಹೇಳಿದೆ. ಈಗ ಕೆಳಗೆ 0, ನಡುವೆ 3, ಮೇಲೆ 6. ‘ಸೆಲ್ ಹಾಗೇ ಇದೆ. ಸೊನ್ನೆ ನಾವು ಇಟ್ಟದ್ದು’ ಎಂದು ಅವಳೇ ಹೇಳಿದಳು. ಊರಿನ ಎತ್ತರವನ್ನು ಸಮುದ್ರಮಟ್ಟದಿಂದ, ಬಾವಿಯ ಆಳವನ್ನು ನೆಲದಿಂದ ಅಳೆಯುವಂತೆ ಇದೂ. ಮೇಜಿನ ಮೇಲಿನ ಈ ಮಂಡಲಕ್ಕೂ ಭೂಮಿಗೂ ಸಂಪರ್ಕವೇ ಇರಲಿಲ್ಲ. ಆದರೂ ಅದಕ್ಕೊಂದು ‘ಗ್ರೌಂಡ್’ ಇತ್ತು.

ನಂತರ ಕೆಳಗಿನ ರೈಲನ್ನೇ ಸೊನ್ನೆಯಾಗಿಟ್ಟು, ಅದೇ 6 ವೋಲ್ಟಿಗೆ ಎಲ್‌ಎಂ358 ಚಿಪ್‌ನ ವರ್ಧಕವೊಂದನ್ನು ಜೋಡಿಸಿದೆ. ವರ್ಧನೆ ಹತ್ತು ಪಟ್ಟು. 0.2 ಕೊಟ್ಟರೆ 2, 0.4 ಕೊಟ್ಟರೆ 4 ವೋಲ್ಟ್ ಬಂತು. 0.6ಕ್ಕೆ ‘ಆರು!’ ಎಂದು ತರಗತಿಯೇ ಕೂಗಿತು. ಮೀಟರ್ ಸುಮಾರು 4.5ರಲ್ಲೇ ನಿಂತಿತು. ವರ್ಧಕ ವೋಲ್ಟೇಜನ್ನು ಹುಟ್ಟಿಸುವುದಿಲ್ಲ. ರೈಲುಗಳು ಕೊಟ್ಟದ್ದರಲ್ಲೇ ಅಳೆದು ಹಂಚುತ್ತದೆ. ಈ ಚಿಪ್ ಮೇಲಿನ ರೈಲಿಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತದೆ. ಧ್ವನಿವರ್ಧಕದಲ್ಲಿ ದನಿಯನ್ನು ಮಿತಿಮೀರಿ ಏರಿಸಿದಾಗ ಕರ್ಕಶವಾಗುವುದಕ್ಕೆ ಇದೂ ಒಂದು ಕಾರಣ: ರೈಲಿಗೆ ತಾಗಿ ಅಲೆಯ ತಲೆ ಕತ್ತರಿಸಿಹೋಗುತ್ತದೆ.

ವ್ಯಾಖ್ಯೆ ಬರೆದವರಿಗೆ ನಮ್ಮ ಪರೀಕ್ಷೆಗಳಲ್ಲಿ ಪೂರ್ಣ ಅಂಕ ಸಿಗುತ್ತದೆ. ಮಗುವಿಗೆ ಅರ್ಥವಾಗಿದೆಯೇ ಎಂಬುದು ಅಲ್ಲಿ ತಿಳಿಯುವುದೇ ಇಲ್ಲ. ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ: ಘಟಕ ಪರೀಕ್ಷೆಯಲ್ಲಿ ಸೆಲ್ ಸರಣಿಯ ಚಿತ್ರ ಕೊಟ್ಟು, ‘ಕಪ್ಪು ಕಡ್ಡಿಯನ್ನು ಇಲ್ಲಿಂದ ಅಲ್ಲಿಗೆ ಸರಿಸಿದರೆ ಯಾವ ಸಂಖ್ಯೆಗಳು ಬದಲಾಗುತ್ತವೆ, ಯಾವುದು ಬದಲಾಗುವುದಿಲ್ಲ?’ ಎಂದು ಕೇಳಿ. ಎರಡು ತುದಿಗಳ ನಡುವಿನ 6 ವೋಲ್ಟ್ ಬದಲಾಗದು ಎಂದು ಬರೆದ ಮಗುವಿಗೆ ವಿಭವಾಂತರ ತಿಳಿದಿದೆ.