ಹೆಸರಿಗೆ ಅಂಜಿ ಕೈ ಕಳೆದುಕೊಳ್ಳದಿರೋಣ

ಅಲ್ಲಾಹನು ಮನುಷ್ಯನಿಗೆ ಕರುಣಿಸಿರುವ ಅನುಗ್ರಹಗಳನ್ನು ಎಣಿಸುವಾಗ ನಾವು ಕಣ್ಣು, ಕಿವಿ, ನಾಲಿಗೆಗಳನ್ನು ನೆನೆಯುತ್ತೇವೆ. ನೋವನ್ನು ಯಾರೂ ಆ ಸಾಲಿಗೆ ಸೇರಿಸುವುದಿಲ್ಲ. ಬಿಸಿ ತಗುಲಿದೊಡನೆ ಕೈಯನ್ನು ಹಿಂದಕ್ಕೆ ಸೆಳೆಯುವ ಆ ನೋವು ಕೂಡ ಒಂದು ಅನುಗ್ರಹವೆಂಬುದು ನನಗೆ ಮನವರಿಕೆಯಾದದ್ದು ಕುಲಶೇಖರದ ನಮ್ಮ ಮನೆಯಲ್ಲಿ.

ನನ್ನ ಅಕ್ಕ ಮೂವತ್ತು ವರ್ಷಗಳಿಂದ ಬೀಡಿ ಕಟ್ಟಿ ಸಂಸಾರ ಸಾಗಿಸಿದವಳು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವ ಆ ಕೆಲಸಕ್ಕೆ ಕಣ್ಣಿಗಿಂತ ಬೆರಳ ತುದಿಯೇ ಹೆಚ್ಚು ಬೇಕು. ಎರಡು ವರ್ಷಗಳ ಹಿಂದೆ ಅವಳ ಬಲಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಮರಗಟ್ಟತೊಡಗಿದವು. ಒಂದು ದಿನ ರೊಟ್ಟಿಯ ಕಾವಲಿ ತಗುಲಿ ಅಂಗೈಯ ಅಂಚಿನಲ್ಲಿ ಗುಳ್ಳೆ ಎದ್ದಿತ್ತು. ಮಗಳು ತೋರಿಸುವ ತನಕ ಅದು ಅವಳ ಅರಿವಿಗೇ ಬಂದಿರಲಿಲ್ಲ.

ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಕಾಣಲಿಲ್ಲ. ಕುತ್ತಿಗೆಯ ಮೂಳೆಗಳಲ್ಲಿಯೂ ದೋಷವಿರಲಿಲ್ಲ. ನರಗಳಲ್ಲಿ ವಿದ್ಯುತ್ ಸಂದೇಶ ಎಷ್ಟು ವೇಗವಾಗಿ ಸಾಗುತ್ತದೆಂದು ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ ಮೊಣಕೈಯ ಹಿಂದಿನಿಂದ ಹಾದುಹೋಗುವ ಅಲ್ನಾರ್ ನರ ದುರ್ಬಲಗೊಂಡಿರುವುದು ತಿಳಿಯಿತು. ಅಲ್ಲಿ ಬೆರಳಿಟ್ಟು ನೋಡಿದ ವೈದ್ಯರಿಗೆ ನರವು ಹಗ್ಗದಂತೆ ದಪ್ಪವಾಗಿರುವುದು ಗೊತ್ತಾಯಿತು. "ಉಸ್ತಾದರೇ, ಚರ್ಮದ ಮೇಲೆ ಎಲ್ಲಿಯೂ ಮಚ್ಚೆಯಿಲ್ಲ. ಆದರೂ ಕುಷ್ಠರೋಗದ ಸಂಶಯವಿದೆ. ನರಕ್ಕೆ ಮಾತ್ರ ತಗುಲುವ ಕುಷ್ಠವೂ ಉಂಟು. ಬಯಾಪ್ಸಿ ಮಾಡದೆ ಖಚಿತವಾಗಿ ಹೇಳುವುದು ಕಷ್ಟ" ಎಂದರು.

ಮನೆಯಲ್ಲಿ ಮೌನ ಕವಿಯಿತು. ಅಕ್ಕನ ಮಗಳಿಗೆ ಸಂಬಂಧದ ಮಾತುಕತೆ ನಡೆಯುತ್ತಿದ್ದ ಸಮಯವದು. ಕುಟುಂಬದ ಹಿರಿಯರೊಬ್ಬರು, "ಪರೀಕ್ಷೆ ಬೇಡ. ರೋಗದ ಹೆಸರು ಹೊರಬಿದ್ದರೆ ಹುಡುಗಿಯ ಸಂಬಂಧ ನಿಲ್ಲುತ್ತದೆ" ಎಂದರು. ಅವರ ಭಯಕ್ಕೆ ಕಾರಣವಿಲ್ಲದಿರಲಿಲ್ಲ.

ನರದ ಬಯಾಪ್ಸಿ ಎಂದರೆ ನರದ ಒಂದು ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಸ್ಪರ್ಶವನ್ನು ಮಾತ್ರ ಒಯ್ಯುವ ನರವನ್ನೇ ಆರಿಸುವುದರಿಂದ ಕೈಕಾಲುಗಳ ಬಲ ಕುಂದುವುದಿಲ್ಲ. ಸಾಮಾನ್ಯವಾಗಿ ಕಾಲಿನ ಹೊರಗಣ್ಣಿನ ಬಳಿಯ ಸೂರಲ್ ನರದಿಂದ ತುಣುಕನ್ನು ತೆಗೆಯುತ್ತಾರೆ. ಅಕ್ಕನಿಗೆ ಕೈಯ ಹಿಂಬದಿಯ ಕವಲಿನಿಂದ, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ತೆಗೆಯುವುದೆಂದಾಯಿತು. ಈ ಪರೀಕ್ಷೆ ಎಲ್ಲರಿಗೂ ಬೇಕಾಗುವಂಥದ್ದಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರಿಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಕುಷ್ಠ, ರಕ್ತನಾಳಗಳ ಉರಿಯೂತ ಮುಂತಾಗಿ ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲ ರೋಗಗಳ ಸಂಶಯವಿದ್ದು, ಬೇರೆ ಪರೀಕ್ಷೆಗಳು ಉತ್ತರಿಸದಿದ್ದಾಗ ಮಾತ್ರ ವೈದ್ಯರು ಇದನ್ನು ಸೂಚಿಸುತ್ತಾರೆ. ತುಣುಕು ತೆಗೆದ ನರ ಹರಡಿದ್ದ ಜಾಗ ಶಾಶ್ವತವಾಗಿ ಮರಗಟ್ಟಬಹುದು, ಕೆಲವರಿಗೆ ನೋವು ಉಳಿಯಬಹುದು, ಇಷ್ಟಾಗಿಯೂ ಉತ್ತರ ಸಿಗದಿರಬಹುದು. ವೈದ್ಯರು ಇದೆಲ್ಲವನ್ನೂ ಮುಚ್ಚಿಡದೆ ತಿಳಿಸಿದರು.

ಎಲ್ಲವನ್ನೂ ಆಲಿಸಿದ ಅಕ್ಕ, "ಆ ಜಾಗ ಹೇಗೂ ಸತ್ತುಹೋಗಿದೆ, ತೆಗೆಯಲಿ. ಉಳಿದ ಬೆರಳುಗಳಾದರೂ ನನಗೆ ಬೇಕು" ಎಂದಳು.

ವರದಿ ಬಂತು. ನರದೊಳಗೆ ಕುಷ್ಠದ ರೋಗಾಣುಗಳಿದ್ದವು. ನಾರ್ವೆಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ ರೋಗಾಣುವದು. ಇದು ಪಾಪದ ಫಲವಲ್ಲ, ವಂಶದ ಕಳಂಕವೂ ಅಲ್ಲ, ಒಂದು ಸೋಂಕು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 1982ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆ ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ರೋಗದ ಬಗೆಗೆ ತಕ್ಕಂತೆ 6 ಅಥವಾ 12 ತಿಂಗಳು ಮಾತ್ರೆ ಸೇವಿಸಿದರೆ ಗುಣವಾಗುತ್ತದೆ. ಔಷಧ ಆರಂಭಿಸಿದ ಬಳಿಕ ಅದು ಇತರರಿಗೆ ಹರಡುವ ಭಯವೂ ಬೇಗನೆ ಇಲ್ಲವಾಗುತ್ತದೆ. ಆದರೆ ತಡಮಾಡಿದರೆ ಬೆರಳುಗಳು ಮಡಚಿಕೊಳ್ಳುತ್ತವೆ. ಸತ್ತ ನರವನ್ನು ಯಾವ ಮಾತ್ರೆಯೂ ಬದುಕಿಸುವುದಿಲ್ಲ.

ರೋಗವನ್ನು ಮುಚ್ಚಿಡುವುದು ನಮ್ಮ ಧರ್ಮದ ದಾರಿಯಲ್ಲ. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಭರವಸೆ ಅಲ್ಲಾಹನ ಮೇಲಿರಲಿ, ಔಷಧವೂ ನಡೆಯಲಿ. ಇವೆರಡರ ನಡುವೆ ವಿರೋಧವಿಲ್ಲ. ಉಮಯ್ಯದ್ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್‌ರು ಎಂಟನೆಯ ಶತಮಾನದ ಆರಂಭದಲ್ಲಿಯೇ ಕುಷ್ಠರೋಗಿಗಳು ಜನರ ಮುಂದೆ ಕೈಚಾಚದಂತೆ ಖಜಾನೆಯಿಂದ ವೇತನ ಗೊತ್ತುಪಡಿಸಿದ್ದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ನಮ್ಮ ಕುಲಶೇಖರಕ್ಕೆ ಸಮೀಪದ ಕಂಕನಾಡಿಯಲ್ಲಿ 1890ರಲ್ಲಿ ಪಾದ್ರಿ ಅಗಸ್ಟಸ್ ಮುಲ್ಲರ್ ಈ ರೋಗಿಗಳಿಗಾಗಿಯೇ ಆಶ್ರಯ ತೆರೆದರು. ಗುಣಪಡಿಸುವ ಔಷಧವೇ ಇಲ್ಲದ ಕಾಲವದು. ಔಷಧವಿರುವ ಕಾಲದ ನಾವು ಅವರಿಗಿಂತ ಕಠಿಣ ಹೃದಯಿಗಳಾಗಬೇಕೇ?

ಕಾನೂನು ಕೂಡ ಬದಲಾಗಿದೆ. 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆಯಲ್ಲಿ ಪತಿಯ ಕುಷ್ಠರೋಗವು ಪತ್ನಿ ವಿಚ್ಛೇದನ ಕೋರಲು ಒಂದು ಕಾರಣವಾಗಿತ್ತು. 2019ರ ತಿದ್ದುಪಡಿಯು ಇತರ ಸಮುದಾಯಗಳ ವಿವಾಹ ಕಾನೂನುಗಳಿಂದಲೂ ಈ ಕಾಯ್ದೆಯಿಂದಲೂ ಆ ಕಾರಣವನ್ನು ಕೈಬಿಟ್ಟಿತು. ಗ್ರಂಥದಿಂದ ಅಳಿಸಿದ ಮಾತನ್ನು ಮನಸ್ಸಿನಿಂದ ಅಳಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ವರನ ಕಡೆಯವರಿಗೆ ನಾವು ವಿಷಯವನ್ನು ತಿಳಿಸಿದೆವು. ಆ ಸಂಬಂಧ ನಿಂತುಹೋಯಿತು. ಹಿರಿಯರ ಮಾತು ನಿಜವಾಯಿತೆಂದು ಕೆಲವರು ಹೇಳಿದರು. ಆದರೆ ಅಕ್ಕನ ಮಾತ್ರೆಗಳು ಮುಗಿದಿವೆ, ರೋಗ ಮುಂದುವರಿಯುವುದು ನಿಂತಿದೆ. ಎರಡು ಬೆರಳುಗಳಿಗೆ ಸ್ಪರ್ಶ ಮರಳಿಲ್ಲವಾದರೂ ಮೂರು ಬೆರಳುಗಳು ಉಳಿದಿವೆ. ಮಗಳು ತಾಯಿಯೊಡನೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಾಳೆ.

ಪ್ರಿಯ ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕೈಕಾಲು ಮರಗಟ್ಟಿದ್ದರೆ, ಸುಟ್ಟದ್ದು ತಿಳಿಯದಿದ್ದರೆ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಸಂಬಂಧ ನೋಡಲು ಹೋದ ಮನೆಯಲ್ಲಿ ಇಂತಹ ಮಾತು ಕಿವಿಗೆ ಬಿದ್ದರೆ, ಎದ್ದು ಬರುವ ಮುನ್ನ ಒಮ್ಮೆ ಯೋಚಿಸಿರಿ. ದೇಹವು ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟ ಅಮಾನತ್ತು. ಜನರ ನಾಲಿಗೆಗೆ ಅಂಜಿ ಅದನ್ನು ಹಾಳುಗೆಡವುವ ಹಕ್ಕು ನಮಗಿಲ್ಲ. ರೋಗಿಗಳೆಲ್ಲರಿಗೂ ಅವನು ಶಿಫಾ ಕರುಣಿಸಲಿ.